ಕಾಡು ಅಭಯಾರಣ್ಯ ಆಯ್ತು, ನಮ್ಮ ದನ ಎಲ್ಲಿ ಮೇಯ್ಬೇಕು?

ಪ್ರಶ್ನೆ: ಅಕ್ಕಾ ನಮಸ್ಕಾರ. ನಮ್ದು ಈರೋಡ್ ಜಿಲ್ಲೆ, ಅಂದಿಯೂರು ತಾಲೂಕು, ಬರಗೂರು ಬೆಟ್ಟ. ಲಿಂಗಾಯತ್ರು, ಮನೇಲಿ ಕನ್ನಡಾನೇ. ಮುತ್ತಾತನ ಕಾಲದಿಂದ ಬರಗೂರು ದನ ಸಾಕ್ಕೊಂಡು ಬಂದಿದ್ದೀವಿ, ವರ್ಷದಲ್ಲಿ ಕೆಲವು ತಿಂಗಳು ಕಾಡೊಳಗೇ ಪಟ್ಟಿ (ದನದ ದೊಡ್ಡಿ) ಹಾಕಿ ದನ ಬಿಡೋದು ವಾಡಿಕೆ. 2024ರಲ್ಲಿ ನಮ್ಮ ಕಾಡನ್ನ ತಂದೈ ಪೆರಿಯಾರ್ ಅಭಯಾರಣ್ಯ ಅಂತ ಮಾಡಿದ್ರು. ಈಗ ಗಾರ್ಡು ಬಂದು ಇನ್ಮೇಲೆ ದನ ಒಳಗೆ ಬಿಡಂಗಿಲ್ಲ ಅಂತಾರೆ. ಒಬ್ರು ಕಮ್ಯುನಿಟಿ ರಿಸರ್ವ್ ಮಾಡಿಸ್ಕೊಳ್ಳಿ ಅಂತಾರೆ, ಇನ್ನೊಬ್ರು ಗ್ರಾಮ ಸಭೇಲಿ ತೀರ್ಮಾನ ಮಾಡಿದ್ರೆ ಸಾಕು ಅಂತಾರೆ. ಕಾನೂನಲ್ಲಿ ನಿಜಕ್ಕೂ ನಮ್ಮ ಮಾತಿಗೆ ಜಾಗ ಅದಾ?

ಉತ್ತರ: ಜಾಗ ಅದೆ ತಮ್ಮಾ. ಆದ್ರೆ ಅದು ತಾನಾಗೇ ಸಿಗಲ್ಲ, ಕಾಗದ ಹಿಡ್ಕೊಂಡು ಹೋಗಿ ಕೂರ್ಬೇಕು, ಅದೂ ಒಬ್ಬೊಬ್ರೇ ಅಲ್ಲ, ಇಡೀ ಊರು. ನಾನು ತಾಳವಾಡಿ ಕಡೆಯವಳು, ವಕೀಲಿ ಮಾಡ್ತೀನಿ, ಸತ್ಯಮಂಗಲ ಹುಲಿ ಮೀಸಲು ಕಾಡಿನ ಒಳಗೂ ಅಂಚಲ್ಲೂ ಇರೋ ಊರುಗಳ ಜೊತೆ ಅರಣ್ಯ ಹಕ್ಕಿನ ಅರ್ಜಿ ಬರೆದೂ ಬರೆದೂ ಗೊತ್ತಾಗಿರೋದನ್ನ ಉದ್ದಕ್ಕೇ ಬರೀತೀನಿ, ನಿಧಾನಕ್ಕೆ ಓದಿ, ಆಮೇಲೆ ಮನೇಲಿ ಹಿರೀಕ್ರಿಗೂ ಓದಿ ಹೇಳಿ. ನಿಮ್ಮ ಕಡೆ ಸ್ಕೂಲಲ್ಲಿ ತಮಿಳು ಓದಿದ ಹುಡುಗ್ರು ಕನ್ನಡ ಅಕ್ಷರ ಬರೆಯೋದೇ ಅಪರೂಪ, ನೀವು ಬರೆದಿದ್ದು ನೋಡಿ ಖುಷಿ ಆಯ್ತು.

ಮೊದ್ಲು ಗಾರ್ಡು ಹೇಳಿದ್ರಲ್ಲಿ ಎಷ್ಟು ನಿಜ ಅಂತ ನೋಡಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೇಲಿ ರಾಷ್ಟ್ರೀಯ ಉದ್ಯಾನ ಬೇರೆ, ಅಭಯಾರಣ್ಯ ಬೇರೆ, ಜನ ಎರಡನ್ನೂ ಒಂದೇ ಅಂದ್ಕೊಂಡಿದ್ದಾರೆ, ಎಷ್ಟೋ ಸಲ ಡಿಪಾರ್ಟ್ಮೆಂಟಿನವರೂ ಹಂಗೇ ಮಾತಾಡ್ತಾರೆ. ರಾಷ್ಟ್ರೀಯ ಉದ್ಯಾನದಲ್ಲಿ ದನ ಮೇಯಿಸೋ ಹಂಗೇ ಇಲ್ಲ, ಸೆಕ್ಷನ್ 35ರಲ್ಲಿ ಅದು ನೇರವಾಗಿ ಬರೆದದೆ. ಅಭಯಾರಣ್ಯಕ್ಕೆ ಆ ಮಾತು ಇಲ್ಲ. ಅಲ್ಲಿ ಸೆಕ್ಷನ್ 33 ಪ್ರಕಾರ ಮುಖ್ಯ ವನ್ಯಜೀವಿ ಪಾಲಕರು ಮೇಯಿಸೋದನ್ನ ನಿಯಂತ್ರಿಸಬೋದು, ಮಿತಿ ಹಾಕ್ಬೋದು, ಕಾಡಿನ ಹಿತಕ್ಕೆ ಬೇಕು ಅನ್ನಿಸಿದ್ರೆ ನಿಷೇಧಾನೂ ಮಾಡ್ಬೋದು. ಅಂದ್ರೆ ಬಾಗಿಲು ಅದೆ, ಕೀಲಿ ಕೈ ಅವರ ಹತ್ರ ಅದೆ. ಅವರು ಅನುಮತಿ ಕೊಟ್ಟ ಮೇಯಿಸುವಿಕೆ ಅಪರಾಧ ಅಲ್ಲ ಅಂತ ಸೆಕ್ಷನ್ 29ರ ವಿವರಣೇಲೇ ಹೇಳಿದ್ದಾರೆ. ಇನ್ನೂ ಒಂದು ನೋಡಿ, ಸೆಕ್ಷನ್ 33ಎ ಅಂತ ಒಂದದೆ: ಅಭಯಾರಣ್ಯದ ಒಳಗೆ ಮತ್ತು 5 ಕಿಲೋಮೀಟರ್ ಸುತ್ತಳತೇಲಿ ಇರೋ ದನಕರಿಗೆ ಸಾಂಕ್ರಾಮಿಕ ರೋಗದ ಲಸಿಕೆ ಹಾಕಿಸ್ಬೇಕು, ಲಸಿಕೆ ಆಗದ ದನಾನ ಒಳಗೆ ಬಿಡಂಗಿಲ್ಲ ಅಂತ. ಅಭಯಾರಣ್ಯದಲ್ಲಿ ದನಾನೇ ಕಾಲಿಡಬಾರದು ಅನ್ನೋದು ಕಾನೂನಿನ ಮನಸ್ಸಾಗಿದ್ರೆ ಲಸಿಕೆ ಸೆಕ್ಷನ್ ಯಾಕೆ ಬರೀತಿದ್ರು? ರೇಂಜರ್ ಆಫೀಸಲ್ಲಿ ಮಾತು ಬಂದಾಗ ಈ ಒಂದು ಸೆಕ್ಷನ್ ನೆನಪಿಟ್ಕೊಂಡು ಹೇಳಿ, ಸುಮಾರು ವಾದ ಅಲ್ಲಿಗೇ ತಣ್ಣಗಾಗ್ತದೆ.

ಹಂಗಾದ್ರೆ ಗಾರ್ಡು ಸುಳ್ಳು ಹೇಳಿದ್ರಾ? ಇಲ್ಲ, ಅವರು ಹೇಳ್ತಿರೋದು ಕಾಯ್ದೆ ಅಲ್ಲ, ಕೋರ್ಟಿನ ಆದೇಶ. 2022ರ ಮಾರ್ಚಲ್ಲಿ ಮದ್ರಾಸ್ ಹೈಕೋರ್ಟು ಮೊದಲು ತಮಿಳ್ನಾಡಿನ ಎಲ್ಲಾ ಕಾಡಲ್ಲೂ ದನ ಮೇಯಿಸೋದನ್ನ ನಿಷೇಧಿಸ್ತು, ಆಮೇಲೆ ಅದನ್ನ ತಿದ್ದಿ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಹುಲಿ ಮೀಸಲು ಇಷ್ಟಕ್ಕೆ ಮಾತ್ರ ಅಂತ ಮಾಡ್ತು. ಆಗ ನಿಮ್ಮ ಬರಗೂರು ಕಾಡು ಬರೀ ರಿಸರ್ವ್ ಫಾರೆಸ್ಟ್, ಆ ತಿದ್ದುಪಡಿಯಿಂದ ನೀವು ಉಸಿರು ಬಿಟ್ರಿ. 2024ರ ಜನವರೀಲಿ 80,567 ಹೆಕ್ಟೇರು ರಿಸರ್ವ್ ಕಾಡು ರಾಜ್ಯದ 18ನೇ ಅಭಯಾರಣ್ಯ ಅಂತ ಆದಾಗ ಏನಾಯ್ತು ಅಂದ್ರೆ, ಆ ಹಳೇ ಆದೇಶ ನಡ್ಕೊಂಡು ಬಂದು ನಿಮ್ಮ ಪಟ್ಟಿ ಬಾಗಿಲಲ್ಲಿ ನಿಂತ್ಕೊಳ್ತು. ಹೆಸ್ರು ಬದಲಾಗಿದ್ದಕ್ಕೇ ಈ ಕಷ್ಟ. ನಿಮ್ಮ ಕಡೆ ಜನ ಇಷ್ಟು ಕಂಗಾಲಾಗಿರೋದು ಇದಕ್ಕೇ, ಆ ದಿಗಿಲು ಸುಮ್ನೆ ಹುಟ್ಟಿದ್ದಲ್ಲ.

ನಮ್ಮನ್ನ ಯಾರೂ ಕೇಳ್ಲೇ ಇಲ್ವಲ್ಲ ಅಂತ ನಿಮ್ಮೂರಲ್ಲಿ ಎಲ್ರೂ ಅಂತಿರಬೋದು. ಅದಕ್ಕೂ ಕಾನೂನಲ್ಲಿ ಕಾರಣ ಅದೆ. ಹೊಸ ಜಾಗ ಅಭಯಾರಣ್ಯ ಮಾಡ್ಬೇಕಾದ್ರೆ ಸೆಕ್ಷನ್ 18ರಿಂದ 25ರ ತನಕ ಒಂದು ದಾರಿ, ಕಲೆಕ್ಟರು ಸಾರಿ ಹೇಳ್ಬೇಕು, ಜನ 2 ತಿಂಗಳೊಳಗೆ ನಮ್ಮ ಹಕ್ಕು ಇಂಥದ್ದು ಅಂತ ಬರೆದು ಕೊಡ್ಬೇಕು, ಅವರು ವಿಚಾರಣೆ ಮಾಡ್ಬೇಕು. ಆದ್ರೆ ಮೊದಲೇ ರಿಸರ್ವ್ ಫಾರೆಸ್ಟ್ ಆಗಿರೋ ಜಾಗಕ್ಕೆ ಇದ್ಯಾವುದೂ ಬೇಡ, ಸೆಕ್ಷನ್ 26ಎ ಪ್ರಕಾರ ಸರ್ಕಾರ ನೇರವಾಗಿ ಘೋಷಣೆ ಮಾಡ್ಬೋದು. ರಿಸರ್ವ್ ಮಾಡೋವಾಗಲೇ 1882ರ ಅರಣ್ಯ ಕಾಯ್ದೆ ಕೆಳಗೆ ಹಕ್ಕುಗಳ ಲೆಕ್ಕ ಮುಗ್ದೋಗದೆ ಅಂತ ಅದರ ತರ್ಕ. ಬಿಳೀ ದೊರೆಗಳ ಕಾಲದ ಆ ಲೆಕ್ಕದಲ್ಲಿ ನಿಮ್ಮ ಮುತ್ತಾತ ದನ ಬಿಡೋದನ್ನ ಹಕ್ಕು ಅಂತ ಬರ್ಕೊಳ್ಲಿಲ್ಲ, ಕಾಸು ಕಟ್ಟಿ ಪರ್ಮಿಟ್ ತಗೊಳ್ಳೋ ಸಲಿಗೆ ಅಂತ ಬರ್ಕೊಂಡ್ರು. ಸಲಿಗೆ ಕೊಟ್ಟವರು ಯಾವತ್ತು ಬೇಕಾದ್ರೂ ವಾಪಸ್ ತಗೋಬೋದಲ್ಲ? ಇಡೀ ತೊಂದ್ರೆ ಬೇರು ಇಲ್ಲಿರೋದು.

ಈ ಬೇರಿಗೆ ಕೈ ಹಾಕಿದ್ದು 2006ರ ಅರಣ್ಯ ಹಕ್ಕು ಕಾಯ್ದೆ. ಅದರ ಪೀಠಿಕೇಲೇ ಕಾಡಲ್ಲಿರೋರಿಗೆ ಚಾರಿತ್ರಿಕ ಅನ್ಯಾಯ ಆಗದೆ ಅಂತ ಸಂಸತ್ತು ಒಪ್ಕೊಂಡದೆ, ನಾನು ಎಷ್ಟು ಸಲ ಓದಿದ್ರೂ ಆ ಸಾಲು ನಂಗೆ ಬಲ ಕೊಡ್ತದೆ. ಆ ಕಾಯ್ದೇಲಿ ಅರಣ್ಯ ಭೂಮಿ ಅಂದ್ರೆ ರಿಸರ್ವ್ ಫಾರೆಸ್ಟು, ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ ಎಲ್ಲಾ ಸೇರಿ, ಹಂಗಾಗಿ ಅಭಯಾರಣ್ಯ ಆಯ್ತು ನಿಮ್ಮ ಹಕ್ಕು ಹೋಯ್ತು ಅನ್ನೋ ಮಾತು ತಪ್ಪು. ಸೆಕ್ಷನ್ 3(1)(ಡಿ) ಅಂತ ಬರ್ಕೊಳ್ಳಿ, ಅಲ್ಲಿ ಮೇಯಿಸೋ ಹಕ್ಕು ಅಂತ ಹೆಸರು ಹಿಡಿದು ಹೇಳದೆ, ಒಂದೇ ಕಡೆ ಇದ್ದು ಮೇಯಿಸೋರದ್ದೂ ಸರಿ, ಕಾಲಕಾಲಕ್ಕೆ ಜಾಗ ಬದಲಾಯಿಸ್ಕೊಂಡು ಮೇಯಿಸೋರದ್ದೂ ಸರಿ. ನಿಮ್ಮ ಪಟ್ಟಿ ಪದ್ಧತಿ ಸರಿಯಾಗಿ ಈ ಎರಡನೇದು. ಮತ್ತೆ ಸೆಕ್ಷನ್ 4 ಶುರುವಾಗೋದೇ ಬೇರೆ ಯಾವ ಕಾನೂನಲ್ಲಿ ಏನೇ ಇದ್ರೂ ಅಂತ. ಕೋರ್ಟಿನ ಆದೇಶದ ಮುಂದೆ ನಿಂತು ಮಾತಾಡೋಕೆ ಇದಕ್ಕಿಂತ ಗಟ್ಟಿ ನೆಲ ಬೇರೆ ಇಲ್ಲ, ಆದ್ರೆ ಬಾಯಲ್ಲಿ ಹೇಳಿದ್ರೆ ಆಗಲ್ಲ, ಕೈಯಲ್ಲಿ ಹಕ್ಕುಪತ್ರ ಇರ್ಬೇಕು, ಅಟ್ಲೀಸ್ಟ್ ಅರ್ಜಿ ಕೊಟ್ಟಿರೋ ರಸೀದಿ ಇರ್ಬೇಕು.

ಈಗ ಕಷ್ಟದ ಭಾಗ. ನಿಮ್ಮ ಬೆಟ್ಟದಲ್ಲಿ ಸೋಲಿಗರು ಪರಿಶಿಷ್ಟ ಪಂಗಡ, ಅವರು 2005ರ ಡಿಸೆಂಬರ್ 13ಕ್ಕೆ ಮುಂಚೆಯಿಂದ ಅಲ್ಲಿದ್ರು ಅಂತ ತೋರ್ಸಿದ್ರೆ ಸಾಕು. ನೀವು ಲಿಂಗಾಯತ್ರು ಇತರೆ ಪಾರಂಪರಿಕ ಅರಣ್ಯವಾಸಿಗಳ ಲೆಕ್ಕಕ್ಕೆ ಬರ್ತೀರ, ಆ ತಾರೀಕಿಗೆ ಮುಂಚೆ 3 ತಲೆಮಾರು, ಅಂದ್ರೆ 75 ವರ್ಷ, ಕಾಡು ನಂಬ್ಕೊಂಡು ಬದುಕಿದ್ವಿ ಅಂತ ತೋರಿಸ್ಬೇಕು, ಲೆಕ್ಕ ಹಾಕಿದ್ರೆ 1930ರ ಆಸುಪಾಸು. ನಿಮ್ಮ ಪಕ್ಕದಲ್ಲಿರೋ ಮಲಯಾಳಿ ಬೆಟ್ಟದ ಜನಾನೂ (ಕೇರಳದೋರಲ್ಲ) ಇದೇ ಲೆಕ್ಕಕ್ಕೇ, ಯಾಕಂದ್ರೆ ಸೇಲಂ ಧರ್ಮಪುರಿ ಕಡೆ ಅವರು ಪಂಗಡದ ಪಟ್ಟಿಲಿದ್ರೂ ಈರೋಡ್ ಜಿಲ್ಲೇಲಿ ಇಲ್ಲ. ಈ 75 ವರ್ಷ ಕೇಳಿ ಹೆದರಬೇಡಿ. 75 ವರ್ಷದಿಂದ ಅದೇ ತುಂಡು ಭೂಮಿ ಹಿಡ್ಕೊಂಡಿರ್ಬೇಕು ಅಂತಲ್ಲ. ಕಾಡಿನ ಒಳಗೇ ಮನೆ ಇರ್ಬೇಕು ಅಂತಾನೂ ಅಲ್ಲ, ಬದುಕಿಗೆ ಕಾಡನ್ನ ನಂಬಿದ್ರೆ ಆಯ್ತು ಅಂತ 2008ರಲ್ಲೇ ಬುಡಕಟ್ಟು ಮಂತ್ರಾಲಯ ಸ್ಪಷ್ಟ ಮಾಡದೆ.

ದಾಖಲೆ ಅಂದ ತಕ್ಷಣ ಜನ ಪಟ್ಟಾ ಚಿಟ್ಟಾ (ಜಮೀನಿನ ಕಾಗದ) ಹುಡುಕ್ತಾರೆ, ಇಲ್ಲ ಅಂತ ಕೈ ಚೆಲ್ತಾರೆ. ಅರಣ್ಯ ಹಕ್ಕು ಕಾಯ್ದೆ ಕೆಳಗಿನ ನಿಯಮ 13 ಓದಿ, ಅಷ್ಟು ಕಟ್ಟುನಿಟ್ಟು ಇಲ್ಲ. ಸಾಂಪ್ರದಾಯಿಕ ಗೋಮಾಳ, ದನ ನೀರು ಕುಡಿಯೋ ಹಳ್ಳ ಹೊಂಡ, ಹಳೇ ಕಟ್ಟೆ, ದೇವರ ಮರ, ಸಮಾಧಿ, ಅರ್ಜಿದಾರರಲ್ಲದ ಹಿರೀಕ್ರ ಹೇಳಿಕೆ ಬರೆದಿಟ್ಟಿದ್ದು, ಇವೆಲ್ಲಾ ಸಾಕ್ಷಿ. ಒಂದಕ್ಕಿಂತ ಹೆಚ್ಚು ಇರ್ಬೇಕು ಅಷ್ಟೆ. ನಿಮ್ಮ ಹತ್ರ ಬೇರೆ ಯಾರ ಹತ್ರಾನೂ ಇಲ್ಲದ ಒಂದು ಸಾಕ್ಷಿ ಅದೆ, ನಿಮ್ಮ ದನ. ಆ ಕೆಂದು ಮೈ ಮೇಲೆ ಬಿಳಿ ಮಚ್ಚೆ ಇರೋ ದನಕ್ಕೆ ಸರ್ಕಾರವೇ ಬರಗೂರು ತಳಿ ಅಂತ ಹೆಸರು ಕೊಟ್ಟು ದಾಖಲೆ ಮಾಡ್ಕೊಂಡದೆ, ಬೆಟ್ಟದ ಮೇಲೆ ಅದಕ್ಕೇ ಅಂತ ಸಂಶೋಧನಾ ಕೇಂದ್ರ ಇಟ್ಟದೆ. ಒಂದು ತಳಿ 10–20 ವರ್ಷದಲ್ಲಿ ಹುಟ್ಟಲ್ಲ. ಅದು ಈ ಬೆಟ್ಟ ಹತ್ತಿ ಇಳಿದು ಈ ಹುಲ್ಲು ತಿಂದೇ ಹಂಗಾಗಿರೋದು, ಅಂದ್ರೆ ಸಾಕ್ದೋರು ತಲೆತಲಾಂತರದಿಂದ ಇಲ್ಲೇ ಇದ್ರು ಅಂತ ತಾನೆ? ತಮಿಳರ ಆಡಿ ತಿಂಗಳ ಅಂದಿಯೂರು ಗುರುನಾಥಸ್ವಾಮಿ ಜಾತ್ರೇಲಿ ದನ ಮಾರಿದ ಹಳೇ ಚೀಟಿ, ತಾತ ಕಟ್ಟಿದ ಮೇಯಿಸೋ ಪರ್ಮಿಟ್ ರಸೀದಿ, ಟ್ರಂಕ್ ಪೆಟ್ಟಿಗೆ ತಳದಲ್ಲಿ ಏನಾದ್ರೂ ಸಿಕ್ತದಾ ನೋಡಿ. ಇನ್ನೊಂದು, 1956ರ ತನಕ ಕೊಳ್ಳೇಗಾಲವೂ ನೀವೂ ಒಂದೇ ಕೊಯಮತ್ತೂರು ಜಿಲ್ಲೆ, ಈರೋಡ್ ಬೇರೆ ಆಗಿದ್ದು 1979ರಲ್ಲಿ. ಅದ್ರಿಂದ ಹಳೇ ಕಾಗದ ಅಂದಿಯೂರು ತಾಲೂಕಾಫೀಸಲ್ಲಿ ಇಲ್ಲ ಅಂದ್ರೆ ಎಲ್ಲೂ ಇಲ್ಲ ಅಂತಲ್ಲ, ಕೊಯಮತ್ತೂರಲ್ಲೂ ಕೇಳಿ, ಹಳೇ ಗೆಜೆಟಿಯರ್, ಸೆನ್ಸಸ್, ಫಾರೆಸ್ಟಿನ ವರ್ಕಿಂಗ್ ಪ್ಲಾನ್ ಇವೂ ಸಾಕ್ಷಿ ಆಗ್ತವೆ.

ಅರ್ಜಿ 3 ಥರ. ಫಾರಂ ಎ ಒಬ್ಬೊಬ್ಬರ ಭೂಮಿಗೆ, ಫಾರಂ ಬಿ ಊರಿನ ಹಕ್ಕಿಗೆ, ಮೇಯಿಸೋದು ಇದರಲ್ಲೇ ಬರೋದು, ಫಾರಂ ಸಿ ಸಮುದಾಯ ಅರಣ್ಯ ಸಂಪನ್ಮೂಲಕ್ಕೆ. ಎಲ್ರೂ ಎ ಹಿಂದೆ ಓಡ್ತಾರೆ, ಭೂಮಿ ಆಸೆ, ತಪ್ಪೂ ಅಲ್ಲ. ಆದ್ರೆ ನಿಮ್ಮ ಪ್ರಶ್ನೆಗೆ ಉತ್ತರ ಇರೋದು ಬಿ ಮತ್ತು ಸಿ ಒಳಗೆ, ಅದ್ರಲ್ಲೂ ಸಿ. ಫಾರಂ ಬಿ ಇಂದ ದನ ಮೇಯ್ತದೆ. ಫಾರಂ ಸಿ ಸಿಕ್ರೆ ಆ ಕಾಡನ್ನ ಕಾಯೋ, ಬೆಳೆಸೋ, ನಿರ್ವಹಣೆ ಮಾಡೋ ಅಧಿಕಾರವೇ ಗ್ರಾಮ ಸಭೆಗೆ ಬರ್ತದೆ. ಗ್ರಾಮ ಸಭೆ ಒಂದು ಸಮಿತಿ ಮಾಡಿ ಕಾಡಿನ ಯೋಜನೆ ಬರೀಬೇಕು, ಆ ಯೋಜನೇನ ಫಾರೆಸ್ಟಿನವರ ಯೋಜನೆ ಜೊತೆ ಹೊಂದಿಸ್ಬೇಕು. ಡಿಪಾರ್ಟ್ಮೆಂಟ್ ಮಾಡೋ ಗ್ರಾಮ ಅರಣ್ಯ ಸಮಿತಿ ಅಂತ ಇರ್ತದಲ್ಲ, ಟೀ ಬಿಸ್ಕತ್ತು ಕೊಟ್ಟು ಸೈನ್ ಹಾಕಿಸ್ಕೊಂಡು ಕಳಿಸೋ ಮೀಟಿಂಗು, ಅದಲ್ಲ ಇದು. ಅದು ಅವರ ಆದೇಶದಿಂದ ಹುಟ್ಟಿದ್ದು, ಅವರು ಬೇಡ ಅಂದ್ರೆ ಮುಚ್ಚೋಗ್ತದೆ. ಇದು ಕಾಯ್ದೆಯಿಂದ ಹುಟ್ಟೋದು.

ಇದು ಬರೀ ಪುಸ್ತಕದ ಮಾತು ಅನ್ಕೋಬೇಡಿ, ನಿಮ್ಮ ಬೆಟ್ಟದ ಆಚೆ ಕಡೆ ನೋಡಿ. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯ ಆಯ್ತು, 2006ರಿಂದ ಸೋಲಿಗರು ಜೇನು ನೆಲ್ಲಿಕಾಯಿ ಸಂಗ್ರಹ ಮಾಡೋದಕ್ಕೂ ತಡೆ ಬಿತ್ತು, 2011ರ ಶುರೂಲಿ ಹುಲಿ ಮೀಸಲೂ ಆಯ್ತು. ಅದೇ 2011ರಲ್ಲೇ 25 ಸೋಲಿಗ ಗ್ರಾಮ ಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ತು, ದೇಶದಲ್ಲಿ ಹುಲಿ ಮೀಸಲಿನ ಒಳಗೆ ಮೊದಲ ಸಲ. ಹಕ್ಕುಪತ್ರ ಸಿಕ್ಕಿದ ಮೇಲೂ ಜಗಳ ನಿಲ್ಲಲಿಲ್ಲ, ಆದ್ರೆ ಜಗಳ ಆಡೋಕೆ ನೆಲ ಸಿಕ್ತು. ನಮ್ಮ ಕಡೆ ಇಷ್ಟು ತಡ ಆಗಿದ್ದಕ್ಕೆ ಒಂದು ಕಾರಣ ಅದೆ, 2008ರಲ್ಲಿ ಮದ್ರಾಸ್ ಹೈಕೋರ್ಟು ತನ್ನನ್ನ ಕೇಳದೆ ಹಕ್ಕುಪತ್ರ ಕೊಡಬಾರದು ಅಂತ ಮಧ್ಯಂತರ ಆದೇಶ ಹಾಕಿತ್ತು, ಅದನ್ನ ಸುಪ್ರೀಂ ಕೋರ್ಟು ತೆಗೆದಿದ್ದು 2016ರಲ್ಲಿ. ಎಂಟು ವರ್ಷ ಹಂಗೇ ಹೋಯ್ತು. ಆ ಎಂಟು ವರ್ಷದಲ್ಲಿ ಸಾಕ್ಷಿ ಹೇಳೋ ಎಷ್ಟು ಅಜ್ಜ ಅಜ್ಜೀರು ಹೋಗ್ಬಿಟ್ರೋ, ನೆನೆಸ್ಕೊಂಡ್ರೆ ಹೊಟ್ಟೆ ಉರೀತದೆ.

ಗ್ರಾಮ ಸಭೇಲಿ ತೀರ್ಮಾನ ಮಾಡಿದ್ರೆ ಸಾಕು ಅಂದೋರು ಅರ್ಧ ಸರಿ. ಶುರು ಆಗೋದು ಗ್ರಾಮ ಸಭೆಯಿಂದಲೇ, ಮುಗಿಯೋದು ಅಲ್ಲಲ್ಲ. ಗ್ರಾಮ ಸಭೆ ಒಪ್ಪಿದ ಮೇಲೆ ಗೋಪಿಚೆಟ್ಟಿಪಾಳ್ಯದ ಆರ್‌ಡಿಒ (ಕಂದಾಯ ವಿಭಾಗಾಧಿಕಾರಿ) ಮಟ್ಟದ ಸಮಿತಿ, ಅಲ್ಲಿಂದ ಕಲೆಕ್ಟರ್ ಸಮಿತಿ. ಯಾರಾದ್ರೂ ತಿರಸ್ಕರಿಸಿದ್ರೆ ಕಾರಣ ಬರವಣಿಗೇಲಿ ಕೊಡ್ಬೇಕು, ಕೆಳಗಿನ ತೀರ್ಮಾನದ ಮೇಲೆ 60 ದಿನದೊಳಗೆ ಮೇಲಿನ ಸಮಿತಿಗೆ ಹೋಗ್ಬೋದು. ಮತ್ತೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ಕ್ಕೆ ಪಂಚಾಯ್ತಿ ಕರೆಯೋ ಸಭೇಲಿ ಇಡೀ ಬರಗೂರು ಪಂಚಾಯ್ತಿ ಸೇರ್ಬೇಕು, ಅಷ್ಟು ದೂರದ ಹಾಡಿಗಳಿಂದ ಯಾರು ಬರ್ತಾರೆ? ಅರಣ್ಯ ಹಕ್ಕಿನ 2012ರ ನಿಯಮದಲ್ಲಿ ಒಂದೊಂದು ಹಾಡಿ, ಒಂದೊಂದು ಊರೂ ತನ್ನದೇ ಗ್ರಾಮ ಸಭೆ ಮಾಡ್ಕೊಳ್ಳೋ ದಾರಿ ಅದೆ, ಅದನ್ನ ಕೇಳಿ.

ಹಾಜರಿ ಮಾತ್ರ ಬಲು ಮುಖ್ಯ. ವಯಸ್ಕರಲ್ಲಿ ಅರ್ಧಕ್ಕೆ ಕಮ್ಮಿ ಬಂದ್ರೆ ಸಭೆ ಸಭೆ ಅಲ್ಲ, ಬಂದೋರಲ್ಲಿ ಮೂರನೇ ಒಂದು ಭಾಗ ಹೆಂಗಸ್ರು ಇರ್ಬೇಕು. ನಾನು ಕೂತಿದ್ದ ಒಂದು ಊರಲ್ಲಿ ಎರಡು ವರ್ಷದ ಕೆಲ್ಸ ಇದೊಂದಕ್ಕೇ ವಾಪಸ್ ಬಂತು. ಹೆಂಗಸ್ರು ಅವತ್ತು ಅಷ್ಟೂ ಜನ ಬಂದಿದ್ರು, ಜಗಲಿ ಮೇಲೆ ಕೂತು ನಕ್ಷೆ ತಿದ್ದಿದ್ದೇ ಅವರು, ಯಾವ ಹಳ್ಳದಲ್ಲಿ ಬೇಸಿಗೇಲೂ ನೀರು ನಿಲ್ತದೆ ಅಂತ ಗಂಡಸ್ರಿಗೆ ಗೊತ್ತಿಲ್ಲದ್ದನ್ನ ಬೆರಳಿಟ್ಟು ತೋರ್ಸಿದ್ದೂ ಅವರೇ, ಆದ್ರೆ ರಿಜಿಸ್ಟರಲ್ಲಿ ಸೈನ್ ಹಾಕಿದ್ದು ಗಂಡಸ್ರು ಮಾತ್ರ. ರಿಜಿಸ್ಟರ್ ನೋಡ್ದೆ ಕಳಿಸಿದ್ದು ನನ್ನ ತಪ್ಪು ಅಂತ ಇವತ್ತಿಗೂ ಕೊರೀತದೆ. ನೀವು ಹೆಬ್ಬೆಟ್ಟಾದ್ರೂ ಸರಿ, ಒಬ್ಬರನ್ನೂ ಬಿಡದೆ ಹಾಕಿಸಿ.

ಅರಣ್ಯ ಹಕ್ಕು ಸಮಿತೀಲಿ 10ರಿಂದ 15 ಜನ, ಊರಲ್ಲಿ ಸೋಲಿಗರಿದ್ರೆ ಮೂರರಲ್ಲಿ ಎರಡು ಪಾಲು ಅವರೇ ಇರ್ಬೇಕು. ಇದನ್ನ ಕೇಳಿ ಕೆಲವು ಲಿಂಗಾಯತ ಹಿರೀಕ್ರು ಮುಖ ಸಿಂಡರಿಸ್ತಾರೆ, ನೇರವಾಗೇ ಹೇಳ್ತೀನಿ, ಅದನ್ನ ಬಿಟ್ಬಿಡಿ. ಸೋಲಿಗರ ಹಕ್ಕು ಸಾಬೀತು ಮಾಡೋದು ಸುಲಭ, ಕಾಡಿನ ಹೆಸರು ಹೆಸರೂ ಅವರಿಗೆ ಗೊತ್ತು, ಇಬ್ರೂ ಸೇರಿ ಒಂದೇ ನಕ್ಷೆ ಬರೆದ್ರೆ ಎರಡೂ ಕಡೆಗೆ ಬಲ. ಬೇರೆ ಬೇರೆ ಹೋದ್ರೆ ಒಬ್ರ ಗಡಿ ಮೇಲೆ ಇನ್ನೊಬ್ರ ಗಡಿ ಬಿದ್ದು ಎರಡೂ ಫೈಲು ಮೂಲೆ ಸೇರ್ತವೆ. ಹಿರೀಕ್ರ ಹೇಳಿಕೇನ ಅವರು ಆಡೋ ಕನ್ನಡದಲ್ಲೇ ಬರ್ಕೊಳ್ಳಿ, ಆಮೇಲೆ ತಮಿಳಿಗೆ ಮಾಡಿ ಎರಡನ್ನೂ ಸೇರ್ಸಿ. ಮೊದಲೇ ತಮಿಳಲ್ಲಿ ಬರ್ಕೊಂಡ್ರೆ ಹಳ್ಳ, ಬಾರೆ, ದೊಡ್ಡಿ ಹೆಸರೆಲ್ಲಾ ಕಳ್ದೋಗ್ತವೆ, ನಕ್ಷೇಲಿರೋ ಹೆಸರಿಗೂ ಹೇಳಿಕೇಲಿರೋ ಹೆಸರಿಗೂ ತಾಳೆ ಆಗಲ್ಲ.

ಕಮ್ಯುನಿಟಿ ರಿಸರ್ವ್ ನಿಮಗಲ್ಲ. ಅದು ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡೀಲಿ ಬಂದಿದ್ದು, ಒಳ್ಳೇದೇ, ಮಂಡ್ಯ ಜಿಲ್ಲೆ ಕೊಕ್ಕರೆ ಬೆಳ್ಳೂರು, ಕೇರಳದ ಕಡಲುಂಡಿ ಹಂಗೇ ಆಗಿರೋದು. ಆದ್ರೆ ಅದು ಖಾಸಗಿ ಅಥ್ವಾ ಊರಿನ ಜಮೀನಲ್ಲಿ, ಜನಾನೇ ಮುಂದೆ ಬಂದು ಕಾಪಾಡ್ತೀವಿ ಅಂದಾಗ ಮಾಡೋದು, ಈಗಾಗಲೇ ಅಭಯಾರಣ್ಯ ಆಗಿರೋ ಜಾಗಕ್ಕೆ ಬರಲ್ಲ.

ಹಕ್ಕುಪತ್ರ ಬರೋ ತನಕ ಕೈ ಕಟ್ಕೊಂಡು ಕೂರ್ಬೇಡಿ, ಇನ್ನೂ ಎರಡು ಕಡೆ ನಿಮಗೆ ಕುರ್ಚಿ ಅದೆ. ಒಂದು, ವನ್ಯಜೀವಿ ಕಾಯ್ದೆ ಸೆಕ್ಷನ್ 33ಬಿ ಸಲಹಾ ಸಮಿತಿ. ಪ್ರತಿ ಅಭಯಾರಣ್ಯಕ್ಕೂ ಮಾಡ್ಬೇಕು, ಅದ್ರಲ್ಲಿ ಆ ಕ್ಷೇತ್ರದ ಶಾಸಕರು, ಪಂಚಾಯ್ತಿಗಳಿಂದ 3 ಜನ, ಪಶು ವೈದ್ಯ ಇಲಾಖೆಯಿಂದ ಒಬ್ರು ಇರ್ಬೇಕು, ಸುತ್ತಲ ಜನ ಹೆಂಗೆ ಭಾಗವಹಿಸ್ಬೇಕು ಅಂತ ಸಲಹೆ ಕೊಡೋದೂ ಅದರ ಕೆಲ್ಸ. ನಿಮ್ಮ ಅಭಯಾರಣ್ಯಕ್ಕೆ ಸಮಿತಿ ಆಗದಾ, ಯಾರ್ಯಾರಿದ್ದಾರೆ ಅಂತ ಪಂಚಾಯ್ತಿ ಕಡೆಯಿಂದ ಡಿಎಫ್ಒಗೆ (ಜಿಲ್ಲಾ ಅರಣ್ಯಾಧಿಕಾರಿಗೆ) ಒಂದು ಮನು (ಮನವಿ) ಬರೀರಿ, ಉತ್ತರ ಬರ್ಲಿಲ್ಲ ಅಂದ್ರೆ ಆರ್‌ಟಿಐ ಹಾಕಿ. ಇನ್ನೊಂದು ಅದೇ ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ, 2023ರ ಏಪ್ರಿಲ್ 1ರಿಂದ ಜಾರಿ: ಅರಣ್ಯ ಹಕ್ಕು ಕಾಯ್ದೆ ಅನ್ವಯ ಆಗೋ ಜಾಗದಲ್ಲಿ ಅಭಯಾರಣ್ಯದ ನಿರ್ವಹಣಾ ಯೋಜನೇನ ಗ್ರಾಮ ಸಭೆ ಜೊತೆ ಸಮಾಲೋಚನೆ ಮಾಡಿಯೇ ತಯಾರಿಸ್ಬೇಕು. ನಿಮ್ದು 2024ರಲ್ಲಿ ಆದ ಅಭಯಾರಣ್ಯ, ಅಂದ್ರೆ ಈ ನಿಯಮ ಬಂದ ಮೇಲೆ ಹುಟ್ಟಿದ್ದು. ನಮ್ಮನ್ನ ಕೇಳದೆ ಯೋಜನೆ ಬರೀಬೇಡಿ ಅಂತ ಗ್ರಾಮ ಸಭೆ ಠರಾವು ಈಗಲೇ ಹೋಗ್ಲಿ. ಅದೇ ತಿದ್ದುಪಡೀಲಿ ಸ್ಥಳೀಯರು ಕುಡಿಯೋಕೆ, ಮನೆ ಬಳಕೆಗೆ ನೀರು ತಗೊಳ್ಳೋದು ಅಪರಾಧ ಅಲ್ಲ ಅಂತಾನೂ ಸೇರ್ಸಿದ್ದಾರೆ, ಹಳ್ಳದಿಂದ ನೀರು ತರೋ ಹೆಣ್ಮಕ್ಕಳನ್ನ ಯಾರಾದ್ರೂ ತಡೆದ್ರೆ ಹೇಳಿ.

ಈಗ ನಿಮ್ಮ ಪಾಲಿನ ಕೆಲ್ಸ. ನಾನು ಅಭಯಾರಣ್ಯದ ವಿರೋಧಿ ಅಲ್ಲ ತಮ್ಮಾ. ನಿಮ್ಮ ಕಾಡು ಮಾದೇಶ್ವರನ ಬೆಟ್ಟ, ಬಿಳಿಗಿರಿ, ಸತ್ಯಮಂಗಲ, ಕಾವೇರಿ ಕಣಿವೆ ಇಷ್ಟಕ್ಕೂ ನಡುವೆ ಇರೋ ಕೊಂಡಿ, ಆನೆ ನಡೆಯೋ ದಾರಿ ಅದು. ನಾಳೆ ಕಲ್ಲು ಕ್ವಾರಿಯೋರು ರೆಸಾರ್ಟಿನೋರು ಬಂದ್ರೆ ಅಡ್ಡ ನಿಲ್ಲೋದು ಇದೇ ಕಾನೂನು. ಅರಣ್ಯ ಹಕ್ಕು ಕಾಯ್ದೆ ಸೆಕ್ಷನ್ 5 ಗ್ರಾಮ ಸಭೆಗೆ ಕಾಡು, ಪ್ರಾಣಿ, ನೀರಿನ ಮೂಲ ಕಾಯೋ ಅಧಿಕಾರ ಕೊಟ್ಟದೆ, ಕಾಯೋ ಹೊಣೇನೂ ಅದರ ಜೊತೇಲೇ ಬಂತು. ನಿಮ್ಮ ಯೋಜನೇಲಿ ಬರೀರಿ: ಯಾವ ಪಟ್ಟೀಲಿ ಎಷ್ಟು ದನ, ಯಾವ ತಿಂಗಳಿಂದ ಯಾವ ತಿಂಗಳು, ಬೇಸಿಗೇಲಿ ಯಾವ ಹೊಂಡ ಪೂರ್ತಿ ಆನೆಗೇ ಬಿಟ್ಟಿದ್ದು, ಯಾವ ಕಡೆ ಹುಲ್ಲು ಚೇತರಿಸ್ಕೊಳ್ಳೋಕೆ ಒಂದು ವರ್ಷ ದನ ಬಿಡಲ್ಲ. ಹೊರಗಡೆಯೋರ ದನ, ದಲ್ಲಾಳಿಗಳು ತಂದು ಬಿಡೋ ಮಂದೆ ನಿಮ್ಮ ಲೆಕ್ಕಕ್ಕೆ ಸೇರಿಸ್ಲೇಬೇಡಿ, ಎಷ್ಟೋ ಕಡೆ ಊರಿನೋರ ಅರ್ಜಿಗೆ ಕೆಟ್ಟ ಹೆಸರು ಬಂದಿದ್ದು ಅದ್ರಿಂದ. ಕಾಲುಬಾಯಿ ಜ್ವರದ ಲಸಿಕೆ ಎಲ್ಲಾ ದನಕ್ಕೂ ಹಾಕಿಸಿ ಕಿವಿ ಟ್ಯಾಗ್ ನಂಬರ್ ಬರೆದಿಡಿ, ಒಂದು ಕಾಟಿ (ಕಾಡುಕೋಣ) ಸತ್ರೂ ಬೆರಳು ಮೊದಲು ನಿಮ್ಮ ಮಂದೆ ಕಡೆಗೇ ತಿರುಗೋದು. ಬೆಂಕಿ ವಿಷ್ಯ ಇನ್ನೂ ಸೂಕ್ಷ್ಮ. ಸೋಲಿಗ ಹಿರೀಕ್ರು ಹಿಂದೆಲ್ಲಾ ಬೇಗ ತರಗು ಬೆಂಕಿ ಹಾಕ್ತಿದ್ವಿ, ಅದು ನಿಂತ ಮೇಲೇ ಲಾಂಟಾನ ಕಳೆ ಹಿಂಗೆ ತುಂಬ್ಕೊಳ್ತು ಅಂತಾರೆ, ಅವರ ಮಾತಲ್ಲಿ ಸತ್ಯ ಅದೆ ಅಂತ ನಾನೂ ನಂಬ್ತೀನಿ, ಆದ್ರೆ ಇವತ್ತು ಅಭಯಾರಣ್ಯದಲ್ಲಿ ಬೆಂಕಿ ಹಾಕೋದು ವನ್ಯಜೀವಿ ಕಾಯ್ದೆ ಸೆಕ್ಷನ್ 30ರ ಅಪರಾಧ. ಆ ಜ್ಞಾನಾನ ಯೋಜನೇಲಿ ಬರೆಸಿ ಚರ್ಚೆಗೆ ತನ್ನಿ, ಕಡ್ಡಿ ಮಾತ್ರ ಗೀರ್ಬೇಡಿ.

ಗಾರ್ಡು ದನ ಹಿಡಿದ್ರು, ಕೇಸು ಅಂದ್ರು ಅಂದ್ರೆ ಓದದೆ ಯಾವ ಕಾಗದಕ್ಕೂ ಸೈನ್ ಹಾಕ್ಬೇಡಿ. ದಂಡ ಕಟ್ಟಿ ಮುಗ್ಸಿ ಅಂತ ಸಲೀಸಾಗಿ ಹೇಳ್ತಾರೆ, ಆದ್ರೆ ಆ ಕಾಗದದಲ್ಲಿ ನೀವು ತಪ್ಪು ಒಪ್ಕೊಂಡಂಗೆ ಆಗಿರ್ತದೆ, ನಾಳೆ ಹಕ್ಕಿನ ಅರ್ಜೀಲಿ ಅದನ್ನೇ ಎದುರಿಗೆ ಇಡ್ತಾರೆ. ವನ್ಯಜೀವಿ ಕಾಯ್ದೇಲಿ ಸಾಮಾನ್ಯ ಉಲ್ಲಂಘನೆಗೂ 3 ವರ್ಷದ ತನಕ ಜೈಲು ಇಲ್ಲಾ 1 ಲಕ್ಷದ ತನಕ ದಂಡ, ಎರಡೂ ಬೇಕಾದ್ರೂ ಆಗ್ಬೋದು, ಹಂಗಾಗಿ ಹುಡುಗ್ರು ಆವೇಶದಲ್ಲಿ ತಳ್ಳಾಟಕ್ಕೆ ಇಳಿಯೋದು ಬೇಡ. ಗಾರ್ಡೂ ಪಾಪ ಹಳ್ಳ ದಿಣ್ಣೆ ಒಬ್ನೇ ಸುತ್ತೋ ಮನುಷ್ಯ, ಮೇಲಿನವರು ಹೇಳಿದ್ದನ್ನ ಮಾಡ್ತಾನೆ.

ಈ ವಾರ ಮಾಡ್ಬೇಕಾದ್ದು ಇಷ್ಟು: ಊರಲ್ಲಿ 80 ದಾಟಿದ ಅಜ್ಜ ಅಜ್ಜೀರು ಯಾರ್ಯಾರಿದ್ದಾರೆ ಪಟ್ಟಿ ಮಾಡಿ, ಅವರ ಮಾತು ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಕಾಗದ ಆಮೇಲೆ ಮಾಡಣ. ಸೋಲಿಗರ ಹಾಡಿಗೆ ಹೋಗಿ ಮಾತಾಡಿ, ನೀವು ಕರೆಸ್ಕೋಬೇಡಿ, ನೀವೇ ಹೋಗಿ. ಆಮೇಲೆ ಗ್ರಾಮ ಸಭೆ ಕರೀರಿ ಅಂತ ಪಂಚಾಯ್ತಿಗೆ ಕೊಡೋ ಮನು ಬರೆದು ಅದರ ಫೋಟೋ ನಂಗೆ ಕಳ್ಸಿ, ತಮಿಳಲ್ಲಿ ಸೆಕ್ಷನ್ ನಂಬರ್ ಏನಾದ್ರೂ ತಪ್ಪಿದ್ರೆ ತಿದ್ದಿ ಅವತ್ತೇ ವಾಪಸ್ ಕಳಿಸ್ತೀನಿ.